ಬೆಸಾ ಕೊಟ್ಟ ಮನೆ

೧೪ ನವೆಂಬರ್, ಶುಕ್ರವಾರ, ಸಂಜೆ
ಗಂಟಲಿಗೆ ಶುಂಠಿ ಕಷಾಯ. ಮತ್ತೆ ತಾಲೀಮು. ಡೊಂಬಿವಲಿಯ ಈ ಫ್ಲಾಟು ನನ್ನ ಕಂಠಕ್ಕೆ ಸಾಲದು!

ಇಲ್ಲಿಯ ಕನ್ನಡ ಸಂಘದ ನಾಟಕ ‘ಬೆಸಾ’. ಅಲ್ಬೇನಿಯಾದವರ ಪದ. ಹಡಗಿನಲ್ಲಿ ದುಡಿಯುವ ರಂಜನ್ ತಂದದ್ದು — ಅವನ ಜೊತೆಯ ಇಂಜಿನಿಯರ್ ಆ ದೇಶದವನು. ಬೆಸಾ ಎಂದರೆ ಕೊಟ್ಟ ಮಾತು. ಮನೆ ಹೊಕ್ಕವರಿಗೆ ಕೊಡುವ ರಕ್ಷೆಯೂ ಬೆಸಾ. ಹಗೆಗಳು ಕೆಲಕಾಲ ಆಯುಧ ಕೆಳಗಿಟ್ಟರೆ ಅದೂ ಬೆಸಾ. ಹುಟ್ಟಿದ್ದೆಲ್ಲಿ? ಆಣೆ ಎಂಬರ್ಥದ ಹಳೆಯ ಪದದಿಂದ ಎನ್ನುವವರುಂಟು. ‘ನಂಬು’ ಎಂಬ ಇನ್ನೂ ಹಳೆಯ ಬೇರಿನಿಂದ ಎನ್ನುವವರೂ ಉಂಟು. ಪಂಡಿತರು ಕಾದಾಡಲಿ. ನನಗೆ ಎರಡೂ ಬೇಕು.

ಯಾರೋ ಬಾಗಿಲು ಬಡಿದರು...

೧೫, ಶನಿವಾರ
ಬಂದವಳು ಜ್ಯೋತಿ. ನಮ್ಮ ಹಳೆಯ ನಾಟಕ ಕಂಪನಿಯಲ್ಲಿ ಮರೆಯಿಂದ ಸಾಲು ಎತ್ತಿಕೊಡುವ ಪ್ರಾಂಪ್ಟರ್ ಆಗಿದ್ದ ಅಂಬಾರಾಯನ ಮಗಳು. ರಂಗದ ಪಕ್ಕದ ಸೈಡ್‌ವಿಂಗಿನಲ್ಲೇ ಬೆಳೆದವಳು. ತಾನು ಮೆಚ್ಚಿದ ಮನೀಶನನ್ನು ಮದುವೆಯಾಗುತ್ತಾಳಂತೆ. ಅಣ್ಣ ಅನಿಲಕುಮಾರ ಫೋನು ಕಿತ್ತು, ಕೋಣೆಗೆ ಬೀಗ ಹಾಕಿದ್ದನಂತೆ. ಸೋಮವಾರ ಠಾಣೆ ಶಹರದಲ್ಲಿ ರಿಜಿಸ್ಟರ್ ಮದುವೆ; ಅದು ಅಣ್ಣನಿಗೂ ಗೊತ್ತು. ಅಲ್ಲಿಯವರೆಗೆ ಇಲ್ಲಿರು ಎಂದೆ.

“ಮಾತು ಕೊಡ್ರಿ ಕಾಕಾ.”

ಕೊಟ್ಟೆ.

ನಿಮ್ಮ ಬಾಯಿ ಸುಮ್ಮನಿದ್ದರೆ ಸಾಕು ಎಂದಳು ನನ್ನ ಹೆಂಡತಿ ರತ್ನಾವತಿ. ಬಾಯಿ ಸುಮ್ಮನಿರಲಿಲ್ಲ. ಇಡೀ ದಿನ ತಾಲೀಮು. ಹುಡುಗಿ ಒಳಕೋಣೆಯಲ್ಲಿ ಕೂತು ಕೇಳಿದಳು.

೧೬, ಭಾನುವಾರ
ಅನಿಲಕುಮಾರ ಬಂದ. ಕಲ್ಯಾಣ ಊರೆಲ್ಲ ಹುಡುಕಿ ಬಂದಿದ್ದ. ಕೆಳಗೆ ಬೈಕುಗಳ ಮೇಲೆ ಗೆಳೆಯರು. ತಂಗಿಯನ್ನು ಕಂಡಿರಾ ಎಂದ. ಸುಳ್ಳು ಬಾಯಿಗೆ ಬರಲಿಲ್ಲ, ಡೈಲಾಗು ಬಂತು. ತಾಲೀಮು ನಡೆದಿದೆ ನೋಡಪ್ಪ ಎಂದು ಗರ್ಜಿಸಿದೆ — “ಈ ಹೊಸ್ತಿಲು ದಾಟಿದವಳು ನನ್ನ ಬೆಸಾ! ಅವಳ ಕೂದಲು ಕೊಂಕಿದರೆ...”

ಮುಂದಿನ ಸಾಲು ಮರೆತುಹೋಯಿತು.

ಒಳಗಿನಿಂದ ಮೆಲುದನಿ: “...ಈ ಮನೆಗೆ ಸೂತಕ.”

ಜ್ಯೋತಿಗೆ ಅಪ್ಪನಿಂದ ಬಂದ ಅಭ್ಯಾಸ. ನಟ ತಡವರಿಸಿದರೆ ಬಾಯಿ ತಾನೇ ತೆರೆಯುತ್ತದೆ.

ಅನಿಲ ಮುಂದೆ ನುಗ್ಗಿದ. ಅಡ್ಡ ನಿಂತೆ. ಈ ಸಲ ಗರ್ಜನೆಯಿಲ್ಲ. ಪಿಸುಮಾತು.

“ಒಳಗ ಅದಾಳ. ನಾ ಮಾತು ಕೊಟ್ಟೀನಿ. ನನ್ನ ತುಳದು ಹೋಗು.”

“ನಾಟಕ ಸಾಕ್ರಿ ಕಾಕಾ.”

“ಇದು ನಾಟಕ ಅಲ್ಲಪಾ.”

ತುಳಿಯಲಿಲ್ಲ. ಹೋಗಲೂ ಇಲ್ಲ. ಮೆಟ್ಟಿಲ ಮೇಲೆ ಕೂತ.

೧೭, ಸೋಮವಾರ, ಬೆಳಿಗ್ಗೆ
ಇನ್ನೂ ಅಲ್ಲೇ ಇದ್ದಾನೆ. ರತ್ನಾವತಿ ಚಹಾ ಕೊಟ್ಟಳು. ಬಹಳ ಹೊತ್ತು ಕಪ್ಪನ್ನೇ ನೋಡಿದ. ಕುಡಿದ. ಆಮೇಲೆ ಕೆಳಗಿನವರಿಗೆ ಕೈ ಬೀಸಿದ — ಹೋಗಿ ಎಂದನೋ, ಬನ್ನಿ ಎಂದನೋ.

ಜ್ಯೋತಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ನಾನು ಮುಂದೆ ಹೋಗಬೇಕು, ಅವಳು ನನ್ನ ಬೆನ್ನಿಗೆ. ಅದಕ್ಕೆ ಮೊದಲು ಇಷ್ಟು ಬರೆದಿಡುತ್ತಿದ್ದೇನೆ.

ಕೆಳಗೆ ಬೈಕುಗಳು ಸ್ಟಾರ್ಟ್ ಆದವು... ಸದ್ದು ದೂರವಾಯಿತು.

ಅನಿಲ ಕದ ತಟ್ಟುತ್ತಿದ್ದಾನೆ.

“ಕಾಕಾ, ಕಪ್ಪು ತಗೋರಿ. ಮತ್ತ ಆಕೀಗೆ ಹೇಳ್ರಿ, ಠಾಣೆ ಲೋಕಲ್ ಗಾಡಿ ತಪ್ತೈತಿ.”

ಬೆಸಾ. ಮೂರನೆಯ ಅರ್ಥ — ಹಗೆ ಆಯುಧ ಕೆಳಗಿಟ್ಟ.