ಒಂದೇ ಮನೆಯ ಎರಡು ಉತ್ತರಗಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮ ಕಡ್ಡಿಗೆ, ಅಕ್ಕನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮಂಡಿನೋವೊಂದು ಬಿಟ್ಟರೆ ಅಮ್ಮನೂ ಚೆನ್ನಾಗಿದ್ದಾಳೆ. ಒಂಬತ್ತು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಬರೆಯಲು ಇಷ್ಟು ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು, ನಿಜವಾಗಿ ನನಗೆ ಮುಖವಿರಲಿಲ್ಲ. ನಿನ್ನ ಹತ್ತಿರ ಒಂದು ಕೇಳುವುದಿದೆ, ಕೊನೆಯಲ್ಲಿ ಕೇಳುತ್ತೇನೆ. ಮೊದಲು ಆಫೀಸಿನ ಸುದ್ದಿ.

ಗೇ ಮತ್ತು ಬೈಸೆಕ್ಷುವಲ್ ಗಂಡಸರ ಲೈಂಗಿಕ ಆರೋಗ್ಯದ ಬಗ್ಗೆ ನಮ್ಮಲ್ಲೊಂದು ಆನ್‌ಲೈನ್ ಸಮೀಕ್ಷೆ ನಡೆಯುತ್ತಿದೆ. ಹೆಸರು ಹೇಳಬೇಕಿಲ್ಲ, ಮೊಬೈಲಿನಲ್ಲೇ ನಲವತ್ತು ಪ್ರಶ್ನೆ. ಕಾಂಡೋಮ್ ಬಳಸುತ್ತೀರಾ, ಎಚ್‌ಐವಿ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿಸಿದಿರಿ, ಡಾಕ್ಟರ ಮುಂದೆ ನಿಜ ಹೇಳಲು ಹೆದರಿಕೆಯೇ, ಇಂಥವು. ಬಂದದ್ದರಲ್ಲಿ ಜೊಳ್ಳು ತೂರಿ ಕಾಳು ಉಳಿಸುವುದು ನನ್ನ ಕೆಲಸ. ತುಂಬಿದವರಿಗೆ ಒಂದು ಸಿನಿಮಾ ಟಿಕೆಟ್ ಪುಕ್ಕಟೆ ಇದ್ದುದರಿಂದ ಎರಡೆರಡು ಸಲ ತುಂಬುವ ಜಾಣರೂ ಇದ್ದರು. ಅದಕ್ಕೆ ನಾನೊಂದು ನಿಯಮ ಮಾಡಿದೆ: ಒಂದೇ ಮನೆಯ ವೈಫೈಯಿಂದ ಎರಡು ಉತ್ತರ ಬಂದರೆ ಎರಡನೆಯದು ಕಸ. ಹಾಗೆ ನೂರಾ ಹದಿನೆಂಟು ತೆಗೆದು, ‘ನೀವು ಆಗಲೇ ತುಂಬಿದ್ದೀರಿ’ ಎಂದು ಅವರು ಟಿಕೆಟಿಗಾಗಿ ಕೊಟ್ಟಿದ್ದ ಮೇಲ್ ವಿಳಾಸಕ್ಕೆ ಸಂದೇಶವನ್ನೂ ಕಳಿಸಿದೆ. ಚೊಕ್ಕ ಕೆಲಸ ಎಂದು ನನಗೆ ಹೆಮ್ಮೆ.

ಹೋದ ವಾರ ಅವರಲ್ಲೊಬ್ಬರು ಮೇಲ್ ಬರೆದರು. ಟಿಕೆಟ್ ಬೇಡವಂತೆ, ಆದರೆ ಆ ಮನೆಯಲ್ಲಿ ತಾವು ಇಬ್ಬರಿದ್ದೇವೆ, ಹದಿನಾಲ್ಕು ವರ್ಷದಿಂದ ಇದ್ದೇವೆ ಎಂದಿದ್ದರು.

ಸಮೀಕ್ಷೆ ನಡೆಸುವ ಡಾಕ್ಟರಮ್ಮ ನನ್ನನ್ನು ಕರೆದರು. ಅವರು ಬೈಯುವವರಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ, ಅಷ್ಟೇ.

“ಒಂದು ಮನೇಲಿ ಇಂಥೋರು ಒಬ್ಬರೇ ಇರ್ತಾರೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ, ಮೇಡಂ. ನಾನೇ ಅಂದ್ಕೊಂಡೆ.”

ತೆಗೆದದ್ದನ್ನೆಲ್ಲ ಮತ್ತೆ ತೆರೆದು ಕೂತೆ. ಹಲವು ನಿಜಕ್ಕೂ ಟಿಕೆಟಿನ ಆಸೆಯವು. ಆದರೆ ಎಪ್ಪತ್ಮೂರರಲ್ಲಿ ಅದೇ ಮನೆಯ ಮೊದಲ ಉತ್ತರಕ್ಕಿಂತ ವಯಸ್ಸೇ ಬೇರೆ, ಕೆಲಸವೇ ಬೇರೆ. ಒಬ್ಬ ಪರೀಕ್ಷೆ ಮಾಡಿಸಿಕೊಂಡವನು, ಇನ್ನೊಬ್ಬ ಸೂಜಿಗೆ ಹೆದರುವವನು. ‘ನಿಮಗೆ ಕಾಯಿಲೆಯಾದರೆ ಮೊದಲು ಯಾರಿಗೆ ಹೇಳುತ್ತೀರಿ’ ಎಂಬಲ್ಲಿ ಬಹಳ ಜನ ಬರೆದದ್ದು, ಮನೆಯಲ್ಲಿರುವವನಿಗೆ. ‘ಮನೆಯವರಿಗೆ ನಿಮ್ಮ ವಿಷಯ ಗೊತ್ತೇ’ ಎಂಬಲ್ಲಿ ಒಬ್ಬ, ‘ಗೊತ್ತು, ಕೇಳುವುದಿಲ್ಲ’ ಎಂದಿದ್ದ. ಅದು ನೀನೋ ಅಲ್ಲವೋ ನನಗೆ ತಿಳಿಯದು, ಹುಡುಕಲೂ ಇಲ್ಲ. ಹುಡುಕಬಾರದು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ನಿನ್ನ ಜೊತೆ ಬಾಳುತ್ತಿರುವವರನ್ನು ಹನ್ನೊಂದು ವರ್ಷ ನಾನು ನಿನ್ನ ರೂಮ್‌ಮೇಟ್ ಎಂದೇ ಕರೆದೆ. ನಿಮ್ಮ ಮನೆಯಲ್ಲಿ ಇರುವುದು ಒಂದೇ ಮಂಚ ಎಂದು ಕಂಡೂ ಕಾಣದ ಹಾಗೆ ಕಾಫಿ ಕುಡಿದು ಎದ್ದು ಬಂದೆ. ನನಗೆ ನಾಚಿಕೆಯಾಗುತ್ತಿದೆ, ಕಡ್ಡಿ.

ನಿಯಮ ಬದಲಾಯಿಸಿದೆವು. ಎಪ್ಪತ್ಮೂರು ಜನರಿಗೂ ಕ್ಷಮಾಪಣೆ ಬರೆದದ್ದು ನಾನೇ.

ಈಗ ಕೇಳುತ್ತೇನೆ. ಭಾನುವಾರ ಬರಲೇ? ಬೇಡವೆಂದರೆ ಬೇಸರವಿಲ್ಲ ಎನ್ನಲಾರೆ, ಬೇಸರವಾಗುತ್ತದೆ, ಆದರೆ ಸುಮ್ಮನಿರುತ್ತೇನೆ. ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇನೆ. ಮೊದಲು ಯಾರ ಕೈಗೆ ಸಿಕ್ಕರೂ ಅವರೇ ಒಡೆಯಲಿ.

ಇಬ್ಬರೂ ನೂರ್ಕಾಲ ಜೊತೆಗಿರಿ.

ನಿನ್ನ ಅಕ್ಕ

ಮರೆತಿದ್ದೆ ಎಂದು ಬರೆಯಲಾರೆ: ಜೂನ್‌ನಲ್ಲಿ ಅವರಿಗೆ ಆಪರೇಷನ್ ಆದ ದಿನ ನೀನು ಆಸ್ಪತ್ರೆಯಿಂದ ಫೋನ್ ಮಾಡಿ, “ಅಕ್ಕ, ಒಬ್ಬನೇ ಇದ್ದೀನಿ, ಬರ್ತೀಯಾ?” ಎಂದೆ. “ಅವರ ಕಡೆಯೋರು ಯಾರೂ ಇಲ್ವಾ?” ಎಂದು ನಾನು ಕೇಳಿದೆ. “ನಾನಿದ್ದೀನಲ್ಲ” ಎಂದು ನೀನು ಇಟ್ಟುಬಿಟ್ಟೆ. ಅಲ್ಲಿಯವರೆಗಿನದು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಯಾರದು ಫೋನು ಎಂದು ಅಮ್ಮ ಒಳಗಿನಿಂದ ಕೇಳಿದಳು. ರಾಂಗ್ ನಂಬರ್ ಎಂದೆ.