ಎಂ ಎಂದರೆ ಮಲ್ಲಣ್ಣ

ಬಸವನ ಬಾಗೇವಾಡಿ
ರವಿವಾರ, ೨೨ ಮೇ ೧೯೬೬

ಅಪ್ಪಾಸಾಬ ಅವರಿಗೆ ಶೇವಂತೆವ್ವನ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಬರೆದಿದ್ದಾಳೆಂದು ಗಾಬರಿಯಾಗಬೇಡಿ. ಮನೆಯಲ್ಲಿ ಎಲ್ಲರೂ ಕ್ಷೇಮ, ನನಗೆ ಬಿಸಿಲೂ ತಲೆಗೇರಿಲ್ಲ. ಮದುವೆಯಾದಾಗಿನಿಂದ ಪತ್ರದ ಮೊದಲ ಸಾಲಿನಲ್ಲಿ ನಿಮ್ಮ ಚರಣಗಳಿಗಷ್ಟೇ ನಮಸ್ಕಾರ ಬರೆದು, ಅವು ಯಾರ ಚರಣಗಳೆಂದು ಹೇಳುವ ಕೆಲಸವನ್ನು ಲಕೋಟೆಯ ಮೇಲಿನ ವಿಳಾಸಕ್ಕೆ ಬಿಡುತ್ತಿದ್ದೆ. ಈ ಸಲ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಏಕೆಂದು ಕೆಳಗೆ ಬರೆಯುತ್ತೇನೆ, ನಡುವೆ ಮಡಚಿಡದೆ ಪೂರ್ತಿ ಓದಿ.

ಉತ್ತರ ಬಹಳ ತಡವಾಯಿತು. ನಿಮ್ಮ ಪತ್ರ, ಅದರ ಜೊತೆಗೆ ನಿಮ್ಮ ಗಣಕ ವಿಭಾಗದ ವರದಿ ಯುಗಾದಿಗೆ ಮುಂಚೆಯೇ ಬಂದಿದ್ದವು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಿತ್ತು ಎಂದು ನೆಪ ಹೇಳಬಹುದು, ಅದೂ ಸುಳ್ಳಲ್ಲ. ಆದರೆ ನಾಲ್ಕಾರು ಸಲ ಬರೆಯಲು ಕೂತು, ಬರೆದದ್ದನ್ನು ಒಲೆಗೆ ಹಾಕಿ ಎದ್ದಿದ್ದೇನೆ. ಈಗಲೂ ಸಿಟ್ಟು ಇಳಿದಿಲ್ಲ. ಅಕ್ಷರಗಳು ಮಾತ್ರ ನೆಟ್ಟಗೆ ಬರತೊಡಗಿವೆ.

ಮೊದಲು ಮನೆಯ ಸುದ್ದಿ. ಅತ್ತೆಯವರ ಮೊಣಕಾಲು ನೋವು ಹಾಗೆಯೇ ಇದೆ, ದನಿ ಮಾತ್ರ ಗಟ್ಟಿಯಾಗಿದೆ. ಮೈದುನ ಮಲ್ಲಣ್ಣ ಮಸೂತಿಯ ಹೊಲ ಹರಗಿಸಿ ಮಳೆಯ ದಾರಿ ನೋಡುತ್ತಿದ್ದಾನೆ. ವಾರಕ್ಕೊಮ್ಮೆ ಬಂದು ಹೋಗುತ್ತಾನೆ, ಬರುವುದಾಗಿ ಹೇಳಿದ ದಿನ ಬರುವುದಿಲ್ಲ, ಹೇಳದ ದಿನ ಊಟದ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಬಾವಿಯ ನೀರು ತಳ ಕಂಡಿದೆ. ಪಕ್ಕದ ಮನೆಯ ಸೀತವ್ವನ ಮದುವೆ ಕಳೆದ ವಾರ ಆಯಿತು. ಹೊಸ್ತಿಲ ಮುಂದೆ ಹೆಂಗಸರೆಲ್ಲ ಅಡ್ಡ ನಿಂತು, ಒಡಪು ಕಟ್ಟಿ ಒಬ್ಬರ ಹೆಸರು ಒಬ್ಬರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದರು. ಸೀತವ್ವ ನಾಚಿಕೊಂಡೇ ಹೇಳಿ ಮುಗಿಸಿದಳು. ಮದುಮಗ ಮಾತ್ರ ಎದೆ ಉಬ್ಬಿಸಿ, "ಗೋಳಗುಮ್ಮಟದಾಗ ಕೂಗಿದ್ರ ಏಳ ಸರತಿ ಮಾತ, ಸೀತವ್ವನ ಹೆಸರ ಹೇಳ್ತೇನಿ ಎಲ್ಲಾರೂ ಕೇಳ್ರಿ ಕೂತ" ಎಂದ. ಓಣಿಯೇ ನಕ್ಕಿತು. ಏನು ಓದಿದ್ದಾನೋ ಕೇಳಲಿಲ್ಲ, ಟಾಂಗಾ ಹೊಡೆಯುತ್ತಾನಂತೆ.

ಇನ್ನು ವರದಿಯ ಮಾತು. ಅದರ ನಾಲ್ಕನೆಯ ಪುಟದಲ್ಲಿ ಒಂದು ಚಿತ್ರವಿದೆ. ಬೇರು ಮೇಲೆ, ಕೊಂಬೆ ಕೆಳಗೆ, ಗೆರೆ ಎಳೆದು ಬರೆದ ಗಿಡ. ಅದರಲ್ಲೊಂದು ಕಡೆ "ಎಂ ಒಂದು ಷರತ್ತಾಗಿರಲಿ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದೀರಿ. ಎ ಇತ್ತು, ಬಿ ಇತ್ತು, ಸಿ ಇತ್ತು. ನಡುವೆ ಎಂ ಎಲ್ಲಿಂದ ಬಂತೆಂದು ನಿಮ್ಮ ಸಾಹೇಬರು ಯಾರೂ ಕೇಳಲಿಲ್ಲವೇ? ಕೇಳಿದ್ದರೆ ಏನು ಹೇಳುತ್ತಿದ್ದಿರಿ? ಎಂ ಎಂದರೆ ಮಲ್ಲಣ್ಣ. ಆ ಗಿಡವನ್ನು ನಿಮ್ಮ ಕಣ್ಣೆದುರಿಗೆ ನಮ್ಮ ಅಂಗಳದ ಪರಸಿಗಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದವಳು ನಾನು.

ಕಳೆದ ದೀಪಾವಳಿಯ ಆ ಮಧ್ಯಾಹ್ನ ನಿಮಗೆ ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ನೀವು ಕಟ್ಟೆಯ ಮೇಲೆ ಕೂತು ತೂತು ಹೊಡೆದ ಆ ರಟ್ಟಿನ ಕಾರ್ಡುಗಳನ್ನು ತಿರುವುತ್ತ ಗೊಣಗುತ್ತಿದ್ದಿರಿ. ಮನುಷ್ಯರು ಬರೆದ ಸೂತ್ರವನ್ನು ಯಂತ್ರದ ಆಜ್ಞೆಗಳಾಗಿ ಬದಲಿಸುವ ಕಂಪೈಲರ್ ಎಂಬುದನ್ನು ನಿಮ್ಮ ವಿಭಾಗದವರೇ ಬರೆಯುತ್ತಿದ್ದೀರಿ, ಅದು ದಾರಿಗೆ ಬರುತ್ತಿಲ್ಲ ಎಂದಿರಿ. "ಎಡಕಿನಿಂದ ಬಲಕ್ಕ ಓದ್ಕೋತ ಹೋಗ್ತೈತಿ. ಎರಡ ಕೂಡಿಸ ಮೂರ ಗುಣಿಸ ನಾಕ ಅಂತ ಬರದ್ರ ಹದಿನಾಕ ಬರಬೇಕೋ ಇಪ್ಪತ್ತ ಬರಬೇಕೋ ಅದಕ್ಕ ಗೊತ್ತಿಲ್ಲ. ಕಂಸ ಹಾಕಿದ್ರ ಇನ್ನಷ್ಟ ಹುಚ್ಚ ಹಿಡದಂಗ ಮಾಡ್ತೈತಿ" ಎಂದಿರಿ.

ಆಗಲೇ ಒಳಗಿನಿಂದ ಅತ್ತೆಯವರು ಒಂದೇ ಉಸಿರಿನಲ್ಲಿ ಕೂಗಿದ್ದು: "ಏ ಶೇವಂತಿ, ಮಲ್ಲಣ್ಣ ಬಂದ್ರ ರೊಟ್ಟಿ ಬಡಿ, ಬರಲಿಲ್ಲಂದ್ರ ಒಂದಿಷ್ಟ ಅನ್ನಕ್ಕಿಡು. ಆಮ್ಯಾಲ ಹಂಡೆ ತುಂಬೂತನಕಾ ನೀರ ಸೇದು!"

ನಿಮ್ಮ ಸೂತ್ರವೂ ಅತ್ತೆಯವರ ಮಾತೂ ನನಗೆ ಒಂದೇ ಥರ ಕಂಡವು. ಬಾಯಿಂದ ಬರುವಾಗ ಎರಡೂ ಉದ್ದನೆಯ ಸಾಲು. ತಿಳಿದುಕೊಳ್ಳುವಾಗ ಯಾರೂ ಸಾಲಿನಂತೆ ತಿಳಿದುಕೊಳ್ಳುವುದಿಲ್ಲ, ಯಾವುದು ಯಾವುದರ ಅಧೀನ ಎಂದು ನೋಡುತ್ತೇವೆ. ಹಾಗಾದರೆ ಯಂತ್ರವೂ ಅದನ್ನು ಸಾಲಾಗಿ ಇಟ್ಟುಕೊಳ್ಳುವುದು ಬೇಡ, ಗಿಡವಾಗಿ ಇಟ್ಟುಕೊಳ್ಳಲಿ ಎಂದೆ. ಮೊದಲು ನಿಮ್ಮ ಸೂತ್ರ ಬರೆದೆ. ತುದಿಯಲ್ಲಿ 'ಕೂಡಿಸು', ಅದರ ಎಡಕ್ಕೆ ಎರಡು, ಬಲಕ್ಕೆ 'ಗುಣಿಸು', ಆ 'ಗುಣಿಸು'ವಿನ ಕೆಳಗೆ ಮೂರು ಮತ್ತು ನಾಲ್ಕು. ಕೆಳಗಿನದು ಮುಗಿಯದೆ ಮೇಲಿನದು ಆಗುವಂತಿಲ್ಲ, ಹದಿನಾಲ್ಕೇ ಬರಬೇಕು. ಇಪ್ಪತ್ತು ಬೇಕಾದವರು 'ಗುಣಿಸು'ವನ್ನು ಮೇಲಿಟ್ಟು 'ಕೂಡಿಸು'ವನ್ನು ಅದರ ಕೆಳಗೆ ಕಟ್ಟಲಿ. ಕಂಸಗಳು ಎಲ್ಲಿ ಹೋದವು ಎಂದು ಕೇಳಿದಿರಿ. ಗಿಡ ಕಟ್ಟುವವರೆಗೆ ಅವುಗಳ ಕೆಲಸ, ಕಟ್ಟಿದ ಮೇಲೆ ಯಾರಿಗೂ ಬೇಡ ಎಂದೆ.

ಆಮೇಲೆ ಅತ್ತೆಯವರ ಮಾತು. ಎಲ್ಲಕ್ಕೂ ಮೇಲೆ 'ಒಂದಾದ ಮೇಲೊಂದು' ಎಂದು ಬರೆದೆ. ಅದರ ಎಡಕ್ಕೆ 'ಆದರೆ' ಎಂಬ ಗಂಟು, ಅದಕ್ಕೆ ಮೂರು ಕೊಂಬೆ: ಮಲ್ಲಣ್ಣ ಬಂದನೇ, ರೊಟ್ಟಿ, ಅನ್ನ. ಬಲಕ್ಕೆ 'ತನಕ' ಎಂಬ ಗಂಟು, ಅದಕ್ಕೆ ಎರಡು: ಹಂಡೆ ತುಂಬಿತೇ, ನೀರು ಸೇದು. ಅತ್ತೆಯವರು ಬಾಗಿಲಿಗೆ ಬಂದು ನೋಡಿ, "ಗಿಡಾ ತಲಿಕೆಳಗ ಯಾಕ ಮಾಡೀಯವಾ? ಮಂಗ್ಯಾ ಜೋತಬೀಳ್ಲಿ ಅಂತೇನು? ಅನ್ನಕ್ಕ ಇಟ್ಟಿಯೋ ಇಲ್ಲೋ?" ಎಂದರು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಕ್ಕು ಮುಗಿಸಿ ಅದನ್ನು ಕಾಗದಕ್ಕೆ ಇಳಿಸಿಕೊಂಡಿರಿ.

ಪರದೇಶದಲ್ಲಿ ಯಾರೋ ಇದನ್ನು ನನಗಿಂತ ಮೊದಲೇ ಕಂಡಿರಬಹುದು. ಇರಲಿ, ಅವರ ಹೆಸರು ಅವರಿಗೆ. ಆದರೆ ನಿಮಗೆ ಇದನ್ನು ಕೊಟ್ಟವರು ಪರದೇಶದವರಲ್ಲ. ಹಲಸಂಗಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಗಣಿತ ಓದಿ, ಮುಂಬಯಿಯ ನಿಮ್ಮ ಖೋಲಿಯಲ್ಲಿ ಇಬ್ಬರಿಗೆ ಜಾಗವಿಲ್ಲವೆಂದು ಇಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಬೀಜಗಣಿತ ಕಲಿಸುತ್ತಿರುವ ನಾನು. ವರದಿಯ ಕೊನೆಯಲ್ಲಿ ನೀವು ಕಾರ್ಡು ತೂತು ಹೊಡೆಯುವವರಿಗೆ, ಬೆರಳಚ್ಚು ಮಾಡಿದವರಿಗೆ, ಯಂತ್ರದ ಕೋಣೆ ತಂಪಾಗಿಟ್ಟವರಿಗೆ ಹೆಸರು ಹೇಳಿ ಉಪಕಾರ ನೆನೆದಿದ್ದೀರಿ. ಅವರೆಲ್ಲ ಯೋಗ್ಯರೇ, ಒಬ್ಬರ ಹೆಸರೂ ತೆಗೆಯಬೇಡಿ. ನನ್ನದು ಎಲ್ಲಿ?

ನಿಮ್ಮ ಪತ್ರದಲ್ಲಿ ಉತ್ತರ ಮೊದಲೇ ಬರೆದಿದ್ದೀರಿ. "ನಿನ್ನ ಹೆಸರು ಹಾಕಿದರೆ ಮನೆಯ ಹೆಂಗಸಿನಿಂದ ಕಲಿತು ಬಂದನೆಂದು ಇಲ್ಲಿಯವರು ನಗುತ್ತಾರೆ. ನನ್ನ ಹೆಸರು ಬಂದರೆ ನಿನ್ನದು ಬಂದಂತೆಯೇ ಅಲ್ಲವೇ?" ಅಲ್ಲ. ನೀವು ಉಂಡರೆ ನನ್ನ ಹೊಟ್ಟೆ ತುಂಬುವುದಿಲ್ಲ. ನಗುವವರು ನಗಲಿ, ನಿಮ್ಮ ಮುಖಕ್ಕಾಗುವ ಮುಜುಗರವನ್ನು ನಾನು ನನ್ನ ಹೆಸರು ಅಳಿಸಿಕೊಂಡು ತಪ್ಪಿಸುವುದಿಲ್ಲ.

ಇನ್ನೊಂದು ಮಾತು. ಇದನ್ನು ಹೇಳದೆ ಬಿಟ್ಟು, ಜೂನಿನಲ್ಲಿ ಈ ವರದಿ ಓದಲಿರುವ ಪುಣೆಯ ಸಮ್ಮೇಳನದಲ್ಲಿ ನೀವು ತಲೆ ತಗ್ಗಿಸುವುದನ್ನು ದೂರದಿಂದ ನೋಡಬಹುದಿತ್ತು. ಆ ಬುದ್ಧಿ ನನಗಿಲ್ಲ. ನಿಮ್ಮ ವರದಿಯ ಏಳನೆಯ ಪುಟ ತಪ್ಪು. ಗಿಡವನ್ನು ಯಂತ್ರದ ಆಜ್ಞೆಗಳಾಗಿ ಬಿಡಿಸುವಾಗ ಯಾವಾಗಲೂ ಕೆಳಗಿನ ಎಲೆಗಳನ್ನೆಲ್ಲ ಮುಗಿಸಿಕೊಂಡು ಮೇಲಕ್ಕೆ ಬರಬೇಕು ಎಂದು ಬರೆದಿದ್ದೀರಿ. 'ಕೂಡಿಸು' 'ಗುಣಿಸು'ಗಳಿಗೆ ಅದು ಸರಿ. 'ಆದರೆ' ಎಂಬ ಗಂಟಿಗೆ ಹಾಗೆ ಮಾಡಿದರೆ ರೊಟ್ಟಿಯನ್ನೂ ಬಡಿದು, ಅನ್ನವನ್ನೂ ಮಾಡಿ ಇಳಿಸಿ, ಆಮೇಲೆ ಮಲ್ಲಣ್ಣ ಬಂದನೇ ಎಂದು ಕೇಳಿದಂತಾಯಿತು. ಅಡುಗೆಯಲ್ಲಿ ಅತ್ತೆಯವರ ಬೈಗುಳಕ್ಕೆ ಮುಗಿಯುತ್ತದೆ. ಲೆಕ್ಕದಲ್ಲಿ ಮುಗಿಯುವುದಿಲ್ಲ. "ಬಿ ಸೊನ್ನೆಯಾಗಿರದಿದ್ದರೆ ಎ-ಯನ್ನು ಅದರಿಂದ ಭಾಗಿಸು, ಇಲ್ಲದಿದ್ದರೆ ಸೊನ್ನೆ ಬರೆ" ಎಂದು ಕೊಟ್ಟು ನೋಡಿ. ಬಿ ಸೊನ್ನೆಯೇ ಎಂದು ಕೇಳುವ ಮೊದಲೇ ಯಂತ್ರ ಸೊನ್ನೆಯಿಂದ ಭಾಗಿಸಲು ಹೋಗಿ ಅಲ್ಲಿಯೇ ನಿಲ್ಲುತ್ತದೆ, ಎಲ್ಲರೆದುರಿಗೆ.

ಪ್ರತಿಯೊಂದು ಗಂಟಿಗೂ ಅದರದೇ ನಡೆ ಇದೆ. 'ಆದರೆ'ಯಲ್ಲಿ ಮೊದಲು ಪ್ರಶ್ನೆಯ ಆಜ್ಞೆಗಳು ಬರಬೇಕು, ಉತ್ತರ ನೋಡಿ ಒಂದೇ ಕೊಂಬೆಗೆ ಹೋಗಬೇಕು, ಇನ್ನೊಂದನ್ನು ಹಾರಿ ದಾಟಬೇಕು. 'ತನಕ'ದಲ್ಲಿ ಕೆಲಸ ಮುಗಿದ ಮೇಲೆ ತಿರುಗಿ ಪ್ರಶ್ನೆಗೇ ಬರಬೇಕು. ಇದನ್ನು ದೀಪಾವಳಿಯ ದಿನವೇ ಹೇಳಲು ಬಾಯಿ ತೆರೆದಿದ್ದೆ. ನೀವು ಕಾರ್ಡುಗಳನ್ನು ಕಟ್ಟಿಕೊಂಡು, "ಸಾಕ ಬಿಡು, ಉಳದದ್ದ ನಾ ನೋಡ್ಕೋತೇನಿ" ಎಂದು ಎದ್ದುಹೋದಿರಿ. ನೋಡಿಕೊಂಡದ್ದು ಏಳನೆಯ ಪುಟದಲ್ಲಿ ಕಾಣುತ್ತದೆ.

ನಾನು ಮಾಡಿದ್ದನ್ನು ಈಗ ಹೇಳುತ್ತೇನೆ, ಕೇಳುತ್ತಿಲ್ಲ. ಗಿಡ ಹೇಗೆ ಕಟ್ಟಬೇಕು, ಯಾವ ಗಂಟಿನಲ್ಲಿ ಹೇಗೆ ನಡೆಯಬೇಕು ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದೆ. ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುವ ಅಬಿದಾ ನಿಮಗೆ ಗೊತ್ತಲ್ಲ, ಅವಳ ಅಣ್ಣ ಜೈನುದ್ದೀನ ಕೋರ್ಟಿನ ಮುಂದೆ ಅರ್ಜಿ ಬೆರಳಚ್ಚು ಮಾಡುತ್ತಾನೆ. ಅವನ ಮಷೀನಿನಲ್ಲಿ ಹೊಡೆಸಿದೆ, ಗಿಡಗಳನ್ನು ಕೈಯಿಂದ ಬರೆದೆ. ಸಹಿ ಮಾಡುವಾಗ ಅಬಿದಾ ಪಕ್ಕದಲ್ಲೇ ನಿಂತು, "ಹೆಸರ ದೊಡ್ಡದಾಗಿ ಬರಿಯವಾ. ಸಣ್ಣದಾಗಿ ಬರದ್ರ ಚಾಳೀಸ ಮರತ ಬಂದೇವಿ ಅಂತಾರ ನಿಮ್ಮ ಮನಿಯವರ ಸಾಹೇಬ್ರು" ಎಂದಳು. ದೊಡ್ಡದಾಗಿಯೇ ಬರೆದೆ. ಅದು ನಿಮ್ಮ ವಿಭಾಗದ ಮುಖ್ಯಸ್ಥರಿಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗಿಯಾಯಿತು, ಪ್ರತಿ ಇದರೊಂದಿಗಿದೆ.

ಅದರ ಮೇಲೆ ಎರಡು ಹೆಸರುಗಳಿವೆ. ಮೊದಲನೆಯದು ಶೇವಂತೆವ್ವ ಹಲಸಂಗಿ, ಎರಡನೆಯದು ಅಪ್ಪಾಸಾಬ ಮಸೂತಿ. ನಿಮ್ಮ ಹೆಸರನ್ನು ತೆಗೆಯಲು ಕೈ ಬರಲಿಲ್ಲ, ತೆಗೆಯುವುದು ನ್ಯಾಯವೂ ಅಲ್ಲ. ತೊಡಕು ನಿಮ್ಮದು, ಕಾರ್ಡು ನಿಮ್ಮದು, ಯಂತ್ರದ ಮುಂದೆ ತಿಂಗಳುಗಟ್ಟಲೆ ಕಣ್ಣು ಕೆಡಿಸಿಕೊಂಡವರು ನೀವು. ನಿಮ್ಮ ಸಾಹೇಬರು ಒಪ್ಪಲಿ, ಬಿಡಲಿ, ನನ್ನ ಹೆಸರಿಲ್ಲದೆ ಆ ಗಿಡ ಪುಣೆಯಲ್ಲಿ ಹಲಗೆಯ ಮೇಲೆ ಬಂದರೆ ಸಭೆಯಲ್ಲಿ ಎದ್ದು ನಿಂತು, ಎಂ ಎಂದರೆ ಏನೆಂದು ಕೇಳುವವಳಿದ್ದೇನೆ.

ಹೌದು, ನಾನು ಬರುತ್ತಿದ್ದೇನೆ. ಶಾಲೆಗೆ ರಜೆ ಇದೆ. ವಿಜಾಪುರದಿಂದ ಸೊಲ್ಲಾಪುರ, ಅಲ್ಲಿ ಗಾಡಿ ಬದಲಿಸಿದರೆ ಪುಣೆ. ಒಬ್ಬಳೇ ಹೋಗಬೇಡವೆಂದು ಅತ್ತೆಯವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ವಿಷಯವನ್ನೆಲ್ಲ ಕೇಳಿದ ಮೇಲೆ ಅವರು ಅಂದದ್ದು ಇಷ್ಟು: "ರೊಟ್ಟಿ ಬಡಿ ಅಂದಾಕಿ ನಾ. ನನ್ನ ಮಾತ ಅಲ್ಲಿ ಹಲಗಿ ಮ್ಯಾಲ ಬರೀತಾರಂದ್ರ ನಾನೂ ಬರಾಕಿ. ಅಂವ ಏನ ಹೇಳ್ತಾನ, ನನ್ನ ಕಿವಿಲೇ ಕೇಳ್ತೇನಿ." ಬುತ್ತಿಗೆ ಖಡಕ್ ರೊಟ್ಟಿ ಈಗಲೇ ಬಡಿದಿಡಲು ಶುರುಮಾಡಿದ್ದಾರೆ, ಮೊಣಕಾಲು ನೋವಿನ ಮಾತೇ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ, ಕಣ್ಣಿಗೆ ತಂಪು ಎಣ್ಣೆ ಹಚ್ಚಿಕೊಳ್ಳಿ. ಮಗ ಸುಖವಾಗಿರಲಿ, ಬುದ್ಧಿಯೂ ಬರಲಿ ಎಂದು ಅತ್ತೆಯವರು ಆಶೀರ್ವಾದ ಬರೆಸಿದ್ದಾರೆ. ಎರಡನೆಯ ಮಾತನ್ನು ಬರೆದಿದ್ದೇನೆಯೇ ಎಂದು ಎರಡು ಸಲ ಕೇಳಿದರು.

ನಿಮ್ಮ ಹೆಂಡತಿ, ಆ ಗಿಡ ಬರೆದವಳು,
ಶೇವಂತೆವ್ವ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜವೇ, ಆದರೆ ಅಷ್ಟೇ ಅಲ್ಲ. ನಮ್ಮ ಮದುವೆಯಲ್ಲೂ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತಿದ್ದರು. ನಾನು ಒಡಪು ಕಟ್ಟಿ ನಿಮ್ಮ ಹೆಸರು ಹೇಳಿದೆ. ನಿಮ್ಮ ಸರದಿ ಬಂದಾಗ ನೀವು ಕೈಗಡಿಯಾರ ನೋಡಿಕೊಂಡು, "ಆಮ್ಯಾಲ ಹೇಳ್ತೇನಿ" ಎಂದು ಒಳಗೆ ನಡೆದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ 'ಆಮ್ಯಾಲ' ಇನ್ನೂ ಬಂದಿಲ್ಲ. ಮನೆಯಲ್ಲಿ ನಾನು "ಏ, ಕೇಳಿಲ್ಲಿ", ನಿಮ್ಮ ಪತ್ರದಲ್ಲಿ ಬರೀ "ಸೌಭಾಗ್ಯವತಿ". ವರದಿ ಬಂದ ದಿನ ನಾನು ಗಿಡದ ಚಿತ್ರವನ್ನು ಮೊದಲು ನೋಡಲಿಲ್ಲ. ನಾಲ್ಕು ಜನರೆದುರಿಗೆ ಕಡೆಗೂ ನನ್ನ ಹೆಸರು ಹೇಳಿರುತ್ತಾರೆ ಎಂದುಕೊಂಡು ಕೊನೆಯ ಪುಟವನ್ನೇ ಮೊದಲು ತಿರುವಿದೆ. ಪುಣೆಯಲ್ಲಿ ಒಡಪು ಕಟ್ಟುವುದೇನೂ ಬೇಡ. ಬರೀ ಹೆಸರು ಹೇಳಿ. ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.