ಶಾವಿಗೆ ಶೆಡ್ಡು ಮತ್ತು ಖಾಲಿ ಜಾಗದ ಫೋಟೋ

ಹೇಳದೆ ಕೇಳದೆ ಎದ್ದು ಹೋದ ನನ್ನವ್ವನಿಗೆ,

ಹೋದ ಬೇಸಿಗೆಯಲ್ಲಿ ನೀಲಮ್ಮ ಕಾಕಿಯ ಮನೆ ಮುಂದೆ ಶಾವಿಗೆ ಹೊಸೆಯುವಾಗ ಟ್ರ್ಯಾಕ್ಟರ್ ಹಾದುಹೋದದ್ದು ನೆನಪಿದೆಯೇ? ಕೋಲಿನ ಮೇಲೆ ಇಳಿಬಿಟ್ಟ ಹಸಿ ಶಾವಿಗೆಯೆಲ್ಲ ಧೂಳು ಬಿದ್ದು ಕೆಂಪಾಯಿತು. ನೀನು ಹಿಟ್ಟಿನ ಕೈಯಲ್ಲೇ ಡ್ರೈವರನ ಹಿಂದೆ ಓಡಿದೆ. ಮರುದಿನ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಪುರಸಭೆಗೆ ಹೋಗಿ, ಓಣಿಯ ತುದಿಯ ಖಾಲಿ ಜಾಗದಲ್ಲಿ ಒಂದು ಶೆಡ್ಡು ಬೇಕೆಂದು ಕೂತೆ. ಮಹಿಳಾ ಸಂಘ ಇಂಥ ಕೆಲಸ ಹಿಡಿದರೆ ಅನುದಾನ ಸಿಗುತ್ತದೆ ಎಂದು ನಿನಗೆ ಯಾರು ಹೇಳಿದ್ದರೋ! ಜಾಗಕ್ಕೆ ಒಪ್ಪಿಗೆ ಸಿಕ್ಕಿತು, ಅನುದಾನಕ್ಕೆ ಕಾಯಬೇಕಾಯಿತು.

ಆ ಬೇಸಿಗೆಯಿಡೀ ನೀನು ಮುಯ್ಯಿಗೆಂದು ಮನೆ ಮನೆಗೆ ಹೋಗಿ ಎಲ್ಲರ ಶಾವಿಗೆ ಹೊಸೆದು ಕೊಟ್ಟೆ. ಅವರೆಲ್ಲ ನಮ್ಮ ಮನೆಗೆ ಬರುವ ಸರದಿ ಬಂದಾಗ ಹಾಸಿಗೆ ಹಿಡಿದೆ. "ನಮ್ದು ಬರೂ ವರ್ಷ ಮಾಡೂಣು ಬಿಡು, ಶೆಡ್ಡಿನ್ಯಾಗ" ಅಂದೆ. ದೀಪಾವಳಿಯ ಹೊತ್ತಿಗೆ ನೀನೇ ಇರಲಿಲ್ಲ. ಸಂಘದ ಕಾರ್ಯದರ್ಶಿ ಕೆಲಸ ನನ್ನ ಕೊರಳಿಗೆ ಬಿತ್ತು.

ಯುಗಾದಿ ಆದಮೇಲೆ ಅನುದಾನ ಮಂಜೂರಾಗುತ್ತದೆ ಎಂಬ ಸುದ್ದಿ ಬಂತು. ಬರೀ ಸುದ್ದಿ, ಆದೇಶವಲ್ಲ. ಅಷ್ಟಕ್ಕೇ ನೀಲಮ್ಮ ಕಾಕಿ ಒಳ್ಳೇ ದಿನ ಕೇಳಿಕೊಂಡು ಬಂದು ಗುದ್ದಲಿ ಪೂಜೆ ಮಾಡಿಸಿದಳು. ಪೂಜೆ ಮುಗಿಸಿ ಸುಮ್ಮನೆ ಮನೆಗೆ ಹೋಗಬಾರದಿತ್ತೇ? "ಗುದ್ದಲಿ ಹಚ್ಚಿದ ನೆಲಾ ಬಾಯಿ ತಕ್ಕೊಂಡು ಬಿಡಬಾರದವ್ವಾ, ಓಣಿಗೆ ಛಲೋ ಅಲ್ಲ" ಅಂದಳು. ಅಗೆದ ಕುಣಿ ಮುಚ್ಚಲು ಒಂದು ಕಂಬ ನೆಟ್ಟೆವು. ಒಂಟಿ ಕಂಬ ನಿಲ್ಲಿಸಬಾರದೆಂದು ಉಳಿದವನ್ನೂ ನೆಟ್ಟೆವು. ನಮ್ಮ ಸಂಘದ ಶಾಂತಾ ದುಂಡಸಿಯ ತನ್ನ ತವರಿನಿಂದ ಹಳೇ ತಗಡು ತರಿಸಿದಳು. ನೋಡನೋಡುತ್ತ ಶೆಡ್ಡು ಎದ್ದು ನಿಂತಿತು, ನಾವು ಒಳಗೆ ಕೂತು ಶಾವಿಗೆ ಹೊಸೆಯತೊಡಗಿದೆವು.

ಆದೇಶ ಬಂದದ್ದು ಆಮೇಲೆ. ಪಾಪ, ಇಂಜಿನಿಯರ್ ಹುಡುಗ ಕೆಲಸಕ್ಕೆ ಮುಂಚಿನ ಫೋಟೋ ತೆಗೆಯಲು ಬಂದವನು ಶೆಡ್ಡು ನೋಡಿ ಮೊಬೈಲನ್ನು ಕೆಳಗಿಳಿಸಿದ.

"ಖಾಲಿ ಜಾಗಾ ಎಲ್ಲೈತ್ರಿ ಅಕ್ಕಾರ?"

"ಇದ ಅಲ್ಲೇನ್ರಿ!"

"ಮುಗದ ಕೆಲಸಕ್ಕ ಅನುದಾನ ಕೊಡಾಕ ಬರೂದಿಲ್ರಿ. ನಾ ಏನ್ ಮಾಡ್ಲಿ ಹೇಳ್ರಿ?"

ಸೋಮವಾರದವರೆಗೆ ಯೋಚಿಸಿ ಹೇಳಿ ಎಂದು ಹೋದ. ಶಾಂತಾ ಉಪಾಯ ತೆಗೆದಳು: "ಒಂದಿನದ ಮಟ್ಟಿಗೆ ಬಿಚ್ಚೂಣು. ಫೋಟೋ ಹೊಡಕೊಂಡು ಹೋಗ್ಲಿ, ಮತ್ತ ಕಟ್ಟೂಣು. ಸಿಮೆಂಟಿನ ನೆಲ, ನೀರಿನ ನಳ, ಲೈಟು ಎಲ್ಲಾ ಬರ್ತಾವು."

ಅವ್ವಾ, ನನ್ನ ತಲೆ ಕೆಟ್ಟದ್ದು ಅಲ್ಲೇ. ನೀನು ಕೇಳಿದ ಶೆಡ್ಡನ್ನೇ ಕೆಡವಿ, ನೀನು ಕೇಳಿದ ಅನುದಾನ ತರಬೇಕೇ? ಬಂದ ಲಕ್ಷ್ಮಿಗೆ ಬಾಗಿಲು ಹಾಕಿದರೆ ನೀನು ಬೈಯುತ್ತಿದ್ದೆ. ಕಣ್ಣಿಗೆ ಕಾಣುವ ಶೆಡ್ಡನ್ನು ಇಲ್ಲ ಎಂದರೂ ಬೈಯುತ್ತಿದ್ದೆ. ಯಾವುದಕ್ಕೆ ಹೆಚ್ಚು ಬೈಯುತ್ತಿದ್ದೆ ಎಂದಾದರೂ ತಿಳಿದಿದ್ದರೆ... ಕೊನೆಗೆ ಶಾಂತಾಳ ಮಾತಿಗೇ ಹೂಂ ಅಂದೆ.

ಸೋಮವಾರ ಬೆಳಗ್ಗೆ ತಗಡು ಬಿಚ್ಚಿಸಲು ಹೋದೆ. ಶೆಡ್ಡಿನ ತುಂಬ ಕೋಲು ಕಟ್ಟಿ ಹಸಿ ಶಾವಿಗೆ ಇಳಿಬಿಟ್ಟಿದ್ದರು. ನೀಲಮ್ಮ ಕಾಕಿ ಮಣೆಯ ಮೇಲೆ ಕೂತು ಇನ್ನೂ ಹೊಸೆಯುತ್ತಿದ್ದಳು. ಮುಟ್ಟಿದರೆ ತುಂಡಾಗುವ ಹಸಿ ಶಾವಿಗೆಯ ಮೇಲಿಂದ ತಗಡು ಬಿಚ್ಚುವುದು ಹೇಗೆ? ನನಗೆ ಸಿಟ್ಟು ಬಂತು.

"ಇವತ್ತ ಯಾರ ಮನೀದು ಕಾಕಿ, ನಾಳಿಗೆ ಹೊಸೆದಿದ್ರ ಆಗ್ತಿದ್ದಿಲ್ಲನು?"

"ನಿಮ್ಮವ್ವಂದು. ಹೋದ ವರ್ಷದ ಮುಯ್ಯಿ ಉಳದಿತ್ತಲ್ಲ."

ಶಾಂತಾಳೂ ಅಲ್ಲೇ ಇದ್ದಳು, ಮೊಣಕೈವರೆಗೆ ಹಿಟ್ಟು ಮಾಡಿಕೊಂಡು. ನಾನು ಕಂಬ ಹಿಡಿದುಕೊಂಡು ಅತ್ತೆ. ಅಷ್ಟರಲ್ಲಿ ಬಂದ ಇಂಜಿನಿಯರ್ ನನ್ನನ್ನು ನೋಡಿದ, ಶಾವಿಗೆ ನೋಡಿದ, ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಜಾಗ ಖಾಲಿ ಇಲ್ಲ ಎಂದು ನಾನೇ ಬರೆದುಕೊಟ್ಟೆ. ಅನುದಾನ ಬೇರೆ ವಾರ್ಡಿಗೆ ಹೋಯಿತು. ಹೋಗುವ ಮುಂದೆ ಆ ಹುಡುಗ, "ಇನ್ನೂ ಆಗದ ಕೆಲಸ ಯಾವ್ದರ ಇದ್ರ ಅದನ್ನ ಕೇಳ್ರಿ ಅಕ್ಕಾರ" ಅಂದ. ನೆಲಕ್ಕೂ ನಳಕ್ಕೂ ಹೊಸ ಅರ್ಜಿ ಹಾಕಿದ್ದೇನೆ. ನಾನು ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ತಿಳಿಯುತ್ತಿಲ್ಲ.

ಕಾಕಿ ಆಗಲೇ ಒಳ್ಳೇ ದಿನ ಹುಡುಕತೊಡಗಿದ್ದಾಳೆ. ಆದರೆ ಮಾತು ಕೊಡುತ್ತೇನೆ ಅವ್ವಾ, ಆದೇಶ ಕೈಗೆ ಬರುವವರೆಗೆ ಗುದ್ದಲಿ ಯಾರಿಗೂ ಕೊಡುವುದಿಲ್ಲ. ನಿನ್ನ ಮಂಚದ ಕೆಳಗೆ ಅಡಗಿಸಿಟ್ಟಿದ್ದೇನೆ. ಶೆಡ್ಡಿನ ನೆಲ ಇನ್ನೂ ಮಣ್ಣಿನದೇ. ಮೊನ್ನೆ ಮತ್ತೆ ಟ್ರ್ಯಾಕ್ಟರ್ ಹೋಯಿತು. ನಿನ್ನ ಶಾವಿಗೆ ಬೆಳ್ಳಗೇ ಇದೆ.

ನಿನ್ನ ಮಗಳು